ಹಳೇ ಮೋಟಾರ್ ಬೋಟ್ ರಿಪೇರಿ: ಒಡಕಿಗಿಂತ ಮೊದಲು ತೂತು ಹುಡುಕಿ

ಹದಿನಾಲ್ಕು ಅಡಿ ಬೋಟು, ದೊಡ್ಡಪ್ಪನದು. ಒಂಬತ್ತು ವರ್ಷ ಟಾರ್ಪಾಲಿನ ಕೆಳಗೆ ಮಲಗಿತ್ತು. ಬಲಮಗ್ಗುಲಲ್ಲಿ, ಮೂತಿಯಿಂದ ಒಂದು ಮಾರು ಹಿಂದಕ್ಕೆ, ಅಂಗೈ ಅಗಲದ ಒಡಕು. ನೋಡಿದವರೆಲ್ಲ ಅದನ್ನೇ ತೋರಿಸುತ್ತಿದ್ದರು. ಒಡಕು ಮುಚ್ಚಿ ಬಣ್ಣ ಬಳಿದರೆ ಮುಗಿಯಿತು ಅಂತ ನಾನೂ ಲೆಕ್ಕ ಹಾಕಿದ್ದೆ.

ದೊಡ್ಡಪ್ಪ ಮಾತ್ರ ಒಡಕಿನ ಹತ್ತಿರ ನಿಲ್ಲಲೇ ಇಲ್ಲ. ಸೀದಾ ಹಿಂದಕ್ಕೆ ಹೋದರು. ಎಂಜಿನ್ ಕೂರುವ ಹಿಂಗೋಡೆಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಬಡಿಯುತ್ತಾ ಬಂದರು. ಟಕ್, ಟಕ್, ಟಕ್. ಒಂದು ಕಡೆ ಮಾತ್ರ ದಬ್.

"ಕೇಳಿಸ್ತೇನೋ? ನಿನ್ನ ಕೆಲಸ ಇಲ್ಲಿದೆ. ಆ ಒಡಕು ಎರಡು ದಿನದ್ದು" ಅಂದರು.

ಆ ಜಾಗದಲ್ಲಿ ಎರಡು ಸಣ್ಣ ಸ್ಕ್ರೂ ತೂತು ಇದ್ದವು. ನೀರಿನ ಆಳ ಅಳೆಯುವ ಸೆನ್ಸರ್ ಕೂರಿಸಲು ಯಾವತ್ತೋ ಯಾರೋ ಕೊರೆದದ್ದು. ಸೆನ್ಸರ್ ತೆಗೆದ ಮೇಲೆ ಬಾಯಿಗೆ ಒಂದಿಷ್ಟು ಸಿಲಿಕೋನ್ ಒತ್ತಿ ಬಿಟ್ಟಿದ್ದರು. ಅಲ್ಲಿಂದ ನೀರು ವರ್ಷಗಟ್ಟಲೆ ಒಳಗೆ ಇಳಿದಿದೆ. ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ. ಆದರೆ ಬಹಳಷ್ಟು ಹಳೇ ಬೋಟುಗಳಲ್ಲಿ ಆ ಗೋಡೆ ಅಂದ್ರೆ ಎರಡು ಫೈಬರ್‌ಗ್ಲಾಸ್ ಪದರದ ನಡುವೆ ಪ್ಲೈವುಡ್. ಕೊಳೆಯುವುದು ಆ ಪ್ಲೈವುಡ್.

ಹಾಗಾಗಿ ಈ ಕೆಲಸ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇಷ್ಟೇ. ಬೋಟಿನಲ್ಲಿರುವ ಪ್ರತಿ ತೂತನ್ನೂ ಲೆಕ್ಕ ಹಾಕಿ. ಸ್ಕ್ರೂ, ಬೋಲ್ಟ್, ಡ್ರೈನ್ ಪ್ಲಗ್ (ಒಳಗಿನ ನೀರು ಬಸಿಯುವ ತೂತಿನ ಬಿರಡೆ), ದೀಪದ ವೈರ್ ಹೋದ ಜಾಗ, ಎಲ್ಲವೂ. ನನ್ನದರಲ್ಲಿ ಎಪ್ಪತ್ತಮೂರು ಇದ್ದವು.

ಎಲ್ಲಿ ಒದ್ದೆ ಇದೆ ಅಂತ ನೋಡುವುದು

ಎಲ್ಲ ಫಿಟ್ಟಿಂಗ್ ಬಿಚ್ಚಿ. ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಒಂದೊಂದರ ಬೋಲ್ಟನ್ನೂ ಬೇರೆ ಬೇರೆ ಕವರಿಗೆ ಹಾಕಿ ಹೆಸರು ಬರೆದಿಡಿ. ಆಮೇಲೆ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್ ತೆಗೆದುಕೊಂಡು ಒಂದೊಂದು ಗೇಣಿಗೆ ಒಂದು ಸಲ ಬಡಿಯುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಸದ್ದು ಚುರುಕಾಗಿರುತ್ತದೆ. ಪದರ ಬಿಟ್ಟುಕೊಂಡಿದ್ದರೆ ಅಥವಾ ಒಳಗೆ ಒದ್ದೆ ಇದ್ದರೆ ಸದ್ದು ಮಂಕಾಗುತ್ತದೆ. ಹತ್ತು ನಿಮಿಷ ಬಡಿದರೆ ಕಿವಿ ತಾನೇ ಕಲಿಯುತ್ತದೆ. ಮಂಕಾದ ಜಾಗವನ್ನೆಲ್ಲ ಪೆನ್ಸಿಲ್ಲಿನಿಂದ ಸುತ್ತಿಡಿ.

ಅನುಮಾನ ಬಂದ ಕಡೆ ಒಳಗಿನಿಂದ 6 ಮಿ.ಮೀ. ಬಿಟ್ ಹಾಕಿ ಕೊರೆಯಿರಿ. ಹೊರಗಿನ ಪದರ ದಾಟಬೇಡಿ. ಬಿಟ್ಟಿಗೆ ಟೇಪ್ ಸುತ್ತಿದರೆ ಎಷ್ಟು ಆಳ ಹೋಯಿತು ಅಂತ ಗೊತ್ತಾಗುತ್ತದೆ. ಬರುವ ಹೊಟ್ಟನ್ನು ಅಂಗೈಯಲ್ಲಿ ಹಿಡಿದು ನೋಡಿ. ತಿಳಿ ಕಂದು ಬಣ್ಣ ಇದ್ದು ಒಣಗಿದ್ದರೆ ಮರ ಚೆನ್ನಾಗಿದೆ. ನನ್ನದರಲ್ಲಿ ಬಂದದ್ದು ಹೊಟ್ಟಲ್ಲ. ಕಪ್ಪು ಕೆಸರಿನಂಥದ್ದು ಬಿಟ್ಟಿಗೆ ಸುತ್ತಿಕೊಂಡು ಬಂತು. ಹಿಂದೆಯೇ ತೂತಿನಿಂದ ಚಹಾ ಬಣ್ಣದ ನೀರು ಗೋಡೆ ಗುಂಟ ಇಳಿಯಿತು. ಒಂದು ತಾಸಾದರೂ ನಿಲ್ಲಲಿಲ್ಲ.

ನೆಲದ ಕೆಳಗಿನ ಫೋಮ್ ಕೂಡ ನೋಡಿ. ಬೋಟ್ ಮುಳುಗದಿರಲಿ ಅಂತ ಹಾಕಿದ ಫೋಮ್ ಹಳತಾದರೆ ನೀರು ಹೀರುತ್ತದೆ. ಒಂದು ಲೀಟರ್ ನೀರು ಅಂದ್ರೆ ಒಂದು ಕಿಲೋ ತೂಕ. ಅಂಥ ಫೋಮನ್ನು ಒಣಗಿಸುವ ಆಸೆ ಬಿಟ್ಟು ಕಿತ್ತು ಹಾಕಿ.

ತಳದಲ್ಲಿ ಗುಳ್ಳೆ ಎದ್ದಿದ್ದರೆ ಒಂದನ್ನು ಚುಚ್ಚಿ ನೋಡಿ. ಕನ್ನಡಕ ಹಾಕಿಕೊಂಡೇ ಚುಚ್ಚಿ, ಒತ್ತಡಕ್ಕೆ ಚಿಮ್ಮುವುದುಂಟು. ವಿನೆಗರ್ ಥರ ಹುಳಿ ವಾಸನೆ ಬಂದರೆ ನೀರು ಜೆಲ್‌ಕೋಟ್ (ಹೊರಮೈಯ ಹೊಳಪಿನ ಪದರ) ದಾಟಿ ಫೈಬರ್‌ಗ್ಲಾಸ್ ಪದರದೊಳಗೆ ಹೋಗಿದೆ ಅಂತ ಅರ್ಥ. ಗುಳ್ಳೆಗಳನ್ನೆಲ್ಲ ಬಿಡಿಸಿ, ಸಿಹಿನೀರಲ್ಲಿ ಹಲವು ಸಲ ತೊಳೆದು, ವಾರಗಟ್ಟಲೆ ಒಣಗಲು ಬಿಡಬೇಕು. ಒಣಗಿದೆಯೋ ಇಲ್ಲವೋ ಅಂತ ನೋಡಲು ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಮರುದಿನ ಒಳಗಡೆ ಹನಿ ಕಟ್ಟಿದ್ದರೆ ಇನ್ನೂ ಕಾಯಿರಿ. ಇಲ್ಲಿ ಅವಸರ ಮಾಡಿದರೆ ಮುಂದಿನದ್ದೆಲ್ಲ ವ್ಯರ್ಥ.

ಮುಖ, ಕೈ, ಕಣ್ಣು

ಇದನ್ನು ದಯವಿಟ್ಟು ದಾಟಿ ಹೋಗಬೇಡಿ. ಗ್ರೈಂಡರ್ ಹಿಡಿದರೆ ಫೈಬರ್‌ಗ್ಲಾಸ್ ಧೂಳು ಹೊಗೆಯ ಹಾಗೆ ಏಳುತ್ತದೆ. ಬಟ್ಟೆ ಮಾಸ್ಕ್ ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ ರಬ್ಬರ್ ಮಾಸ್ಕ್ ಬೇಕು. ಧೂಳಿಗೆ ಒಂದು ಫಿಲ್ಟರ್, ರೆಸಿನ್ (ಗಾಜಿನ ನಾರನ್ನು ಹಿಡಿದು ಗಟ್ಟಿಯಾಗುವ ಅಂಟು ದ್ರವ) ಆವಿಗೆ ಬೇರೆ ಫಿಲ್ಟರ್. ಮೈ ಮುಚ್ಚುವ ಬಟ್ಟೆ ಹಾಕಿ, ತೋಳಿನ ಅಂಚಿಗೆ ಟೇಪ್ ಸುತ್ತಿ. ಕೆಲಸ ಮುಗಿದ ಮೇಲೆ ಮೊದಲು ತಣ್ಣೀರಲ್ಲಿ ತೊಳೆಯಿರಿ, ಉಜ್ಜಬೇಡಿ. ತಳಕ್ಕೆ ಪಾಚಿ ಹಿಡಿಯದ ಹಳೇ ಬಣ್ಣ ಬಳಿದಿದ್ದರೆ ಅದನ್ನು ಒಣದಾಗಿ ಉಜ್ಜಲೇಬೇಡಿ. ಅದರಲ್ಲಿ ತಾಮ್ರದಂಥ ವಿಷದ ಅಂಶ ಇರುತ್ತದೆ. ನೀರು ಹಾಕಿ ಉಜ್ಜಿ, ರಾಡಿಯನ್ನು ಹಿಡಿದಿಟ್ಟು ವಿಲೇವಾರಿ ಮಾಡಿ.

ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗಲಿ ಅಂತ ಹಾಕುವ ಕೆಟಲಿಸ್ಟ್ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಬಾಟಲಿ ಮುಚ್ಚಳ ತೆಗೆಯುವ ಮೊದಲೇ ಕನ್ನಡಕ ಹಾಕಿಕೊಳ್ಳಿ. ಅದನ್ನು ಚುರುಕು ಮಾಡುವ ಕೋಬಾಲ್ಟ್ ಅನ್ನುವ ಆಕ್ಸಿಲರೇಟರ್ ಬೇರೆಯಾಗಿ ಕೊಟ್ಟಿದ್ದರೆ, ಅದನ್ನೂ ಕೆಟಲಿಸ್ಟನ್ನೂ ಯಾವ ಕಾರಣಕ್ಕೂ ನೇರವಾಗಿ ಸೇರಿಸಬೇಡಿ. ಬೆಂಕಿ ಹೊತ್ತಿಕೊಳ್ಳುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟ್ ಹಾಕಿ ರೆಸಿನ್ ಚೆನ್ನಾಗಿ ಕಲಸಿ, ಆಮೇಲಷ್ಟೇ ಕೆಟಲಿಸ್ಟ್. ಎರಡಕ್ಕೂ ಒಂದೇ ಕಡ್ಡಿ, ಒಂದೇ ಅಳತೆ ಲೋಟ ಬಳಸಬೇಡಿ.

ಯಾವ ರೆಸಿನ್?

ಹಳೇ ಬೋಟುಗಳು ಹೆಚ್ಚಾಗಿ ಪಾಲಿಯೆಸ್ಟರಿನವು. ಹೊಸದಾಗಿ ಅಚ್ಚಿನಲ್ಲಿ ಎರಕ ಮಾಡುವಾಗ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಪೂರ್ತಿ ಗಟ್ಟಿಯಾದ ಹಳೇ ಪದರಕ್ಕೆ ಹೊಸದನ್ನು ಅಂಟಿಸುವಾಗ ಎಪಾಕ್ಸಿ ಅನ್ನುವ ಇನ್ನೊಂದು ಬಗೆಯ ರೆಸಿನ್ ಹಿಡಿದಷ್ಟು ಬಿಗಿಯಾಗಿ ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಮರಕ್ಕೂ ಎಪಾಕ್ಸಿಯೇ ಒಳ್ಳೆಯದು. ಹಾಗಾಗಿ ನಾನು ಒಡಕಿಗೂ ಹಿಂಗೋಡೆಗೂ ಎಪಾಕ್ಸಿಯನ್ನೇ ಬಳಸಿದೆ. ಒಂದು ತೊಡಕಿದೆ. ಎಪಾಕ್ಸಿ ಮೇಲೆ ಜೆಲ್‌ಕೋಟ್ ಸರಿಯಾಗಿ ಗಟ್ಟಿಯಾಗದೆ, ಹಿಡಿಯದೆ ತೊಂದರೆ ಕೊಡುತ್ತದೆ. ಅಲ್ಲಿ ಪ್ರೈಮರ್ ಹಾಕಿ, ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಬಣ್ಣ ಬಳಿದೆ.

ಎರಡರ ಲೆಕ್ಕವೂ ಬೇರೆ, ಇದನ್ನು ನೆನಪಿಡಿ. ಪಾಲಿಯೆಸ್ಟರಿಗೆ ಕೆಟಲಿಸ್ಟ್ ಸಾಮಾನ್ಯವಾಗಿ ನೂರಕ್ಕೆ 1ರಿಂದ 2 ಭಾಗ. ಬಿಸಿಲು ಜಾಸ್ತಿ ಇದ್ದರೆ ಕಡಿಮೆ, ಚಳಿ ಇದ್ದರೆ ಸ್ವಲ್ಪ ಹೆಚ್ಚು. ಎಪಾಕ್ಸಿಯಲ್ಲಿ ಆ ಆಟ ನಡೆಯುವುದಿಲ್ಲ. ಡಬ್ಬಿಯ ಮೇಲೆ ರೆಸಿನ್ 2ಕ್ಕೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ 1 ಅಂತಿದ್ದರೆ 2ಕ್ಕೆ 1. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಒಣಗುವುದಿಲ್ಲ, ಮೆತ್ತಗೇ ಉಳಿಯುತ್ತದೆ. ನಾನು ತಕ್ಕಡಿ ಇಟ್ಟುಕೊಂಡೇ ಕಲಸಿದೆ. ತೂಕದ ಲೆಕ್ಕವೂ ಅಳತೆಯ ಲೆಕ್ಕವೂ ಒಂದೇ ಅಲ್ಲ, ಡಬ್ಬಿಯಲ್ಲಿ ಎರಡನ್ನೂ ಓದಿ.

ಒಂದು ಸಲಕ್ಕೆ 200 ಗ್ರಾಂಗಿಂತ ಜಾಸ್ತಿ ಕಲಸಬೇಡಿ. ಆಳವಾದ ಡಬ್ಬಿಯಲ್ಲಿ ಹಾಗೇ ಬಿಟ್ಟರೆ ತನ್ನ ಕಾವಿಗೆ ತಾನೇ ಬೆಂದು ಹೊಗೆ ಕಾರುತ್ತದೆ. ಕಲಸಿದ ಕೂಡಲೇ ಅಗಲದ ತಟ್ಟೆಗೆ ಸುರಿದುಕೊಂಡರೆ ಸಮಯ ಸಿಗುತ್ತದೆ.

ಒಡಕು ಮುಚ್ಚುವುದು

ಒಡಕಿನ ಸುತ್ತ ಫೈಬರ್‌ಗ್ಲಾಸ್ ಬೆಳ್ಳಗೆ, ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ಅದು ಪದರ ಬಿಟ್ಟ ಜಾಗ. ಅಷ್ಟನ್ನೂ ಕತ್ತರಿಸಿ ತೆಗೆಯಬೇಕು. ತೂತು ದೊಡ್ಡದಾಗುತ್ತಾ ಹೋದಾಗ ಎದೆ ಡವಡವ ಅನ್ನುತ್ತದೆ. ಆದರೂ ಗಟ್ಟಿ ಜಾಗ ಸಿಗುವವರೆಗೆ ನಿಲ್ಲಿಸಬೇಡಿ.

ಗ್ರೈಂಡರ್ ಹಿಡಿಯುವ ಮೊದಲು ಆ ಜಾಗವನ್ನು ಅಸಿಟೋನಿನಿಂದ ಒರೆಸಿ ಮೇಣ ತೆಗೆಯಿರಿ. ಇಲ್ಲವಾದರೆ ಉಜ್ಜುವಾಗ ಮೇಣ ಒಳಗೆ ಇಳಿಯುತ್ತದೆ. ಆಮೇಲೆ ಅಂಚನ್ನು ಇಳಿಜಾರು ಮಾಡಬೇಕು. ಲೆಕ್ಕ ಹನ್ನೆರಡಕ್ಕೆ ಒಂದು. ನನ್ನ ಬೋಟಿನ ಗೋಡೆ ಅಲ್ಲಿ 5 ಮಿ.ಮೀ. ದಪ್ಪ ಇತ್ತು. ಅಂದ್ರೆ ತೂತಿನ ಸುತ್ತಲೂ 60 ಮಿ.ಮೀ. ಅಗಲದ ಇಳಿಜಾರು. 10 ಸೆಂ.ಮೀ. ತೂತಿಗೆ 22 ಸೆಂ.ಮೀ. ತೇಪೆ. ತೇಪೆ ನಿಲ್ಲುವುದು ಅಂಟಿನ ಅಗಲದ ಮೇಲೆ, ಹಾಗಾಗಿ ಇಲ್ಲಿ ಜಿಪುಣತನ ಬೇಡ. 40 ನಂಬರಿನ ಒರಟು ಸ್ಯಾಂಡ್ ಪೇಪರಿನಲ್ಲೇ ಬಿಡಿ. ನುಣುಪಾದರೆ ಅಂಟು ಹಿಡಿಯುವುದಿಲ್ಲ.

ಒಳಗಡೆಯಿಂದ ಆಸರೆ ಬೇಕು. ತೆಳು ಪ್ಲೈವುಡ್ ತುಂಡಿಗೆ ಪ್ಯಾಕಿಂಗ್ ಟೇಪ್ ಸುತ್ತಿ, ಒಳಗಿನಿಂದ ತೂತಿಗೆ ಒತ್ತಿ, ಒಂದು ಕೋಲು ಆನಿಸಿ ನಿಲ್ಲಿಸಿದೆ. ಟೇಪಿಗೆ ಎಪಾಕ್ಸಿ ಅಂಟುವುದಿಲ್ಲ.

ಫೈಬರ್‌ಗ್ಲಾಸ್ ಬಟ್ಟೆ ಎಲ್ಲವನ್ನೂ ರೆಸಿನ್ ಕಲಸುವ ಮೊದಲೇ ಕತ್ತರಿಸಿ ಸಾಲಾಗಿ ಇಟ್ಟುಕೊಳ್ಳಿ. ಎಪಾಕ್ಸಿಗೆ ಹೊಲಿದ ಅಥವಾ ನೇಯ್ದ ಬಟ್ಟೆ ತನ್ನಿ. ಮಾಮೂಲಿ ತುಂಡುನಾರಿನ ಮ್ಯಾಟಿನಲ್ಲಿ ನಾರನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಅನ್ನುವ ದ್ರಾವಕಕ್ಕೆ ಕರಗುತ್ತದೆ. ಎಪಾಕ್ಸಿಗೆ ಹಾಗೆ ಕರಗದೆ ಮ್ಯಾಟ್ ಬಿರುಸಾಗಿಯೇ ನಿಲ್ಲುತ್ತದೆ. ನಾನು ಆರು ಪದರ ಕತ್ತರಿಸಿದೆ. ಎಲ್ಲಕ್ಕಿಂತ ದೊಡ್ಡದು ಮೊದಲು, ಚಿಕ್ಕದು ಕೊನೆಗೆ. ದೊಡ್ಡ ತುಂಡು ಇಳಿಜಾರಿನ ಪೂರ್ತಿ ಅಗಲಕ್ಕೆ ಅಂಟುತ್ತದೆ, ಮೇಲಿನದು ಉಜ್ಜುವಾಗ ತೆಳುವಾದರೂ ಚಿಂತೆಯಿಲ್ಲ.

ಮೊದಲು ಇಳಿಜಾರಿಗೆ ಬರೀ ರೆಸಿನ್ ಬಳಿಯಿರಿ. ಬಟ್ಟೆ ಇಟ್ಟು ಬ್ರಷ್ಷಿನಿಂದ ಕುಟ್ಟುವ ಹಾಗೆ ರೆಸಿನ್ ಹಾಕಿ, ಎಳೆಯಬೇಡಿ. ಬಿಳೀ ಬಟ್ಟೆ ನಿಧಾನಕ್ಕೆ ಬೂದು ಬಣ್ಣಕ್ಕೆ ತಿರುಗಿ, ಆಮೇಲೆ ಗಾಜಿನ ಹಾಗೆ ಪಾರದರ್ಶಕವಾಗುತ್ತದೆ. ಕೆಳಗಿನ ಪೆನ್ಸಿಲ್ ಗೆರೆ ಕಾಣಿಸಿತು ಅಂದ್ರೆ ಅಲ್ಲಿಗೆ ಸಾಕು. ಬೆಳ್ಳಗೆ ಉಳಿದ ಚುಕ್ಕೆ ಅಂದ್ರೆ ಗಾಳಿ. ಗೀರುಗೀರಿನ ಲೋಹದ ರೋಲರ್ ಒತ್ತಿ ಅದನ್ನು ಅಂಚಿಗೆ ತಳ್ಳಿ. ಹೆಚ್ಚಾದ ರೆಸಿನ್ ಹಿಂಡಿ ತೆಗೆಯಿರಿ. ತೇಪೆಗೆ ಬಲ ಬರುವುದು ನಾರಿನಿಂದ. ರೆಸಿನ್ ಜಾಸ್ತಿಯಾದರೆ ತೂಕ ಏರುತ್ತದೆ, ಬಿರುಕೂ ಬೇಗ ಬಿಡುತ್ತದೆ. ನೇರ ಬಿಸಿಲಲ್ಲಿ ಈ ಕೆಲಸ ಬೇಡ.

ಮರುದಿನ ಮುಟ್ಟಿದರೆ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಇರಬಹುದು. ಅದು ನೀರಿಗೆ ಹೋಗುತ್ತದೆ, ಸ್ಯಾಂಡ್ ಪೇಪರಿಗೆ ಹೋಗುವುದಿಲ್ಲ. ಮೊದಲು ನೀರು ಹಾಕಿ ಒರಟು ಸ್ಕ್ರಬ್ಬರಿನಿಂದ ತಿಕ್ಕಿ ಒರೆಸಿ, ಆಮೇಲೆ ಉಜ್ಜಿ. ಒಳಗಿನ ಆಸರೆ ತೆಗೆದು ಅಲ್ಲೂ ಒರಟು ಮಾಡಿ ಎರಡು ಪದರ ಹಾಕಿದೆ. ತಗ್ಗು ತುಂಬಲು ಎಪಾಕ್ಸಿಗೆ ಹಗುರ ಪುಡಿ ಬೆರೆಸಿ ಪುಟ್ಟಿ ಮಾಡಿಕೊಳ್ಳಬಹುದು. ಅದು ಚೆನ್ನಾಗಿ ಉಜ್ಜಿಬರುತ್ತದೆ, ಆದರೆ ನೀರಿನ ಮಟ್ಟಕ್ಕಿಂತ ಮೇಲೆ ಮಾತ್ರ ಬಳಸಿ. 80, 120, 220 ಅಂತ ನಂಬರ್ ಏರಿಸುತ್ತಾ ಉಜ್ಜಿ, ಬಣ್ಣ ಹಚ್ಚಿ.

ದೊಡ್ಡಪ್ಪ ಹೇಳಿದ ಹಾಗೆ ಎರಡು ದಿನ ಆಗಲಿಲ್ಲ, ನಾಲ್ಕಾಯಿತು. ಹಿಂಗೋಡೆಗೆ ಮಾತ್ರ ಆರು ವಾರ.

ಹಿಂಗೋಡೆ

ನಾನು ಒಳಗಡೆಯಿಂದ ಬಿಡಿಸಿದೆ. ಹೊರಗಿನ ಚರ್ಮ ಹಾಗೇ ಉಳಿದರೆ ಬೋಟಿನ ಆಕಾರ ಉಳಿಯುತ್ತದೆ. ಶುರು ಮಾಡುವ ಮೊದಲು ಬೋಟಿನ ಕೆಳಗೆ ನಾಲ್ಕೈದು ಕಡೆ ಆಸರೆ ಕೊಡಿ. ಮರ ತೆಗೆದ ಮೇಲೆ ಗೋಡೆ ಬಾಗಿಬಿಟ್ಟರೆ ಆ ಬಾಗು ಹಾಗೇ ಉಳಿದುಬಿಡುತ್ತದೆ. ಒಳಗಿನ ಪದರವನ್ನು ಸುತ್ತಲೂ ನಾಲ್ಕು ಬೆರಳು ಅಂಚು ಬಿಟ್ಟು ಕತ್ತರಿಸಿ ಎಬ್ಬಿಸಿದೆ. ನಡುವಿನ ಮರ ಕೈಗೆ ಕಿತ್ತು ಬಂತು. ಅಂಚಿನದು ಗಟ್ಟಿಯಾಗಿತ್ತು, ಉಳಿಯಿಂದ ಚೂರುಚೂರು ತೆಗೆಯಬೇಕಾಯಿತು. ಗಟ್ಟಿ ಇದೆ ಅಂತ ಅರ್ಧ ಮರ ಉಳಿಸುವ ಆಸೆ ಬರುತ್ತದೆ, ಅಲ್ವಾ? ಬೇಡ. ಒದ್ದೆ ಅಲ್ಲಿಗೂ ಹೋಗಿರುತ್ತದೆ.

ಹೊಸದಕ್ಕೆ 18 ಮಿ.ಮೀ. ಮರೀನ್ ಪ್ಲೈವುಡ್ ಎರಡು ಹಲಗೆ. ರಟ್ಟಿನಲ್ಲಿ ಅಚ್ಚು ತೆಗೆದು ಕತ್ತರಿಸಿ, ಮೊದಲು ಒಣದಾಗಿಯೇ ಕೂರಿಸಿ ನೋಡಿ. ಆಮೇಲೆ ಎಲ್ಲ ಮುಖಕ್ಕೂ ಎಪಾಕ್ಸಿ ಬಳಿಯಿರಿ. ಪದರ ಕಾಣುವ ಅಂಚಿಗೆ ಮೂರು ಸಲ. ನೀರು ಜಾಸ್ತಿ ಹೀರುವುದು ಅಂಚೇ. ಹೊರಗೋಡೆಗೂ ಹಲಗೆಗೂ ನಡುವೆ ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ಹಲ್ಲಿನ ಕರಣೆಯಿಂದ ಹರಡಿ. ಎಲ್ಲೂ ಟೊಳ್ಳು ಉಳಿಯಬಾರದು. ಎಂಜಿನ್ ಬೋಲ್ಟಿನ ತೂತುಗಳಲ್ಲೇ ಉದ್ದ ಬೋಲ್ಟ್ ಹಾಕಿ, ಎರಡೂ ಕಡೆ ಮರದ ಪಟ್ಟಿ ಇಟ್ಟು ಬಿಗಿಯಿರಿ. ಅಂಚಿನಿಂದ ಎಪಾಕ್ಸಿ ಸುತ್ತಲೂ ಉಕ್ಕಿ ಬರಬೇಕು. ಬಾರದ ಕಡೆ ಟೊಳ್ಳಿದೆ ಅಂತಲೇ ಲೆಕ್ಕ.

ಮೂಲೆಗಳನ್ನು ಅದೇ ಗಟ್ಟಿ ಎಪಾಕ್ಸಿಯಿಂದ ಚಮಚದ ಬೆನ್ನಲ್ಲಿ ಗುಂಡಗೆ ಮಾಡಿ. ಚೂಪು ಮೂಲೆಗೆ ಬಟ್ಟೆ ಕೂರುವುದಿಲ್ಲ, ಗಾಳಿ ಸೇರುತ್ತದೆ. ಆಮೇಲೆ ಗೋಡೆ, ಮಗ್ಗುಲು, ತಳ ಮೂರನ್ನೂ ಹಿಡಿಯುವ ಹಾಗೆ ಬಟ್ಟೆ ಹಾಕಿ. ಎಂಜಿನ್ ಒತ್ತುವುದೆಲ್ಲ ಈ ಮೂಲೆಯ ಮೂಲಕವೇ ಬೋಟಿಗೆ ಹೋಗುವುದು. ಗೋಡೆಯ ಎತ್ತರ ಮೊದಲಿನಷ್ಟೇ ಇರಲಿ. ಗಿಡ್ಡ ಶಾಫ್ಟ್ ಎಂಜಿನ್ನಿಗೆ ಸುಮಾರು 15 ಇಂಚು, ಉದ್ದದ್ದಕ್ಕೆ 20.

ಫಿಟ್ಟಿಂಗ್‌ಗಳು

ಇದು ಸುಲಭದ ಕೆಲಸ ಅಂತ ಅನ್ನಿಸುತ್ತದೆ. ಬೋಟ್ ಹಾಳಾಗಲು ಶುರುವಾಗುವುದು ಮಾತ್ರ ಇಲ್ಲಿಂದಲೇ.

ಮರ ಇರುವ ಕಡೆ ಕೊರೆಯುವ ಪ್ರತಿ ತೂತಿಗೂ ನನ್ನ ಕ್ರಮ ಒಂದೇ. 8 ಮಿ.ಮೀ. ಬೋಲ್ಟ್ ಬೇಕಿದ್ದರೆ ಮೊದಲು 14 ಮಿ.ಮೀ. ತೂತು. ಹಿಂದೆ ಟೇಪ್ ಅಂಟಿಸಿ, ತೂತಿನ ಒಳಗೋಡೆಗೆ ತೆಳು ಎಪಾಕ್ಸಿ ಸವರಿ ಮರಕ್ಕೆ ಕುಡಿಸಿ. ಆಮೇಲೆ ಗಟ್ಟಿ ಮಾಡಿದ ಎಪಾಕ್ಸಿ ತುಂಬಿ. ಅದು ಕಲ್ಲಾದ ಮೇಲೆ ನಟ್ಟನಡುವೆ 8 ಮಿ.ಮೀ. ಕೊರೆಯಿರಿ. ಈಗ ಬೋಲ್ಟಿನ ಸುತ್ತ ಮರವೇ ಇಲ್ಲ. ಅಂಟು ಮುಂದೆ ಬಿಟ್ಟರೂ ನೀರು ಮರ ಮುಟ್ಟುವುದಿಲ್ಲ. ಎಂಜಿನ್ ಬೋಲ್ಟ್, ಡ್ರೈನ್ ಪ್ಲಗ್ಗಿನ ಸ್ಕ್ರೂ, ಎಲ್ಲಕ್ಕೂ ಹೀಗೇ ಮಾಡಿದೆ. ಸೆನ್ಸರಿಗೆ ಮಾತ್ರ ಗೋಡೆ ಕೊರೆಯಲೇ ಇಲ್ಲ. ಒಂದು ಪ್ಲಾಸ್ಟಿಕ್ ಹಲಗೆ ಅಂಟಿಸಿ, ಅದಕ್ಕೆ ಸ್ಕ್ರೂ ಹಾಕಿದೆ.

ಜೆಲ್‌ಕೋಟ್ ಕೊರೆಯುವಾಗ ಡ್ರಿಲ್ಲನ್ನು ಮೊದಲು ಉಲ್ಟಾ ತಿರುಗಿಸಿ. ಮೇಲ್ಪದರ ಚಕ್ಕೆ ಏಳದೆ ಸವೆಯುತ್ತದೆ. ತೂತಿನ ಬಾಯಿಯನ್ನು ಸ್ವಲ್ಪ ಅಗಲಿಸಿ. ಅಲ್ಲಿ ಅಂಟು ಉಂಗುರದ ಹಾಗೆ ಕೂರುತ್ತದೆ, ಜೆಲ್‌ಕೋಟೂ ಸೀಳುವುದಿಲ್ಲ.

ಲೋಹದ ಮಾತಿಗೆ ಬಂದರೆ, ನೀರಿನ ಮೇಲೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ನೀರಿನ ಕೆಳಗೆ ಕಂಚು ಅಥವಾ ಗಾಜಿನ ನಾರು ಬೆರೆಸಿದ ಗಟ್ಟಿ ನೈಲಾನ್. ಉಪ್ಪುನೀರಲ್ಲಿ ಹಿತ್ತಾಳೆ ಬೇಡ. ಅದರೊಳಗಿನ ಸತು ಕರಗಿ ಹೋಗಿ ಕೆಂಪು ಸ್ಪಂಜಿನಂಥ ತಾಮ್ರ ಉಳಿಯುತ್ತದೆ, ಒಂದು ದಿನ ಕೈಯಲ್ಲೇ ಮುರಿಯುತ್ತದೆ. ಅಲ್ಯುಮಿನಿಯಂಗೆ ಸ್ಟೀಲ್ ಬೋಲ್ಟ್ ಹಾಕುವುದಾದರೆ ನಡುವೆ ತುಕ್ಕು ತಡೆಯುವ ಪೇಸ್ಟ್ ಹಚ್ಚಲೇಬೇಕು.

ಹಗ್ಗ ಕಟ್ಟುವ ಕ್ಲೀಟಿಗೆ ಬರೀ ವಾಷರ್ ಸಾಲದು. ಒಂದು ಎಳೆತಕ್ಕೆ ಡೆಕ್ಕಿನ ಸಮೇತ ಕಿತ್ತು ಬರುತ್ತದೆ. ಉಳಿದ ಬಟ್ಟೆಯ ಚೂರುಗಳನ್ನು ಮೇಣ ಹಚ್ಚಿದ ಗಾಜಿನ ಮೇಲೆ ಪದರ ಪದರವಾಗಿ ಹಾಕಿ 6 ಮಿ.ಮೀ. ಹಲಗೆ ಮಾಡಿಕೊಂಡೆ. ಅದನ್ನು ಕತ್ತರಿಸಿ ಪ್ರತಿ ಕ್ಲೀಟಿನ ಹಿಂದೆ ಇಟ್ಟೆ.

ಅಂಟಿನಲ್ಲಿ ಮೂರು ಬಗೆ ಗೊತ್ತಿದ್ದರೆ ಸಾಕು. ಡೆಕ್ಕಿನ ಫಿಟ್ಟಿಂಗಿಗೆ ಬ್ಯೂಟೈಲ್ ಟೇಪ್, ಅಂದ್ರೆ ಅಂಟಂಟಾದ ಮೆತ್ತನೆಯ ರಬ್ಬರ್ ಪಟ್ಟಿ. ನೀರಿನ ಕೆಳಗಿನದಕ್ಕೆ ಮರೀನ್ ಪಾಲಿಯುರೆಥೇನ್ ಅಥವಾ ಪಾಲಿಸಲ್ಫೈಡ್. ಪಾಲಿಸಲ್ಫೈಡನ್ನು ಪ್ಲಾಸ್ಟಿಕ್ ಫಿಟ್ಟಿಂಗಿಗೆ ಹಚ್ಚಬೇಡಿ, ಕೆಲವು ಪ್ಲಾಸ್ಟಿಕ್ಕನ್ನು ಅದು ತಿನ್ನುತ್ತದೆ. ಬಲು ಗಟ್ಟಿ ಹಿಡಿಯುವ ಪಾಲಿಯುರೆಥೇನನ್ನು ಮುಂದೆ ಬಿಚ್ಚಬೇಕಾದ ಕಡೆ ಹಾಕಬೇಡಿ. ಬಿಚ್ಚುವಾಗ ಜೆಲ್‌ಕೋಟನ್ನೂ ಎಬ್ಬಿಸಿಕೊಂಡು ಬರುತ್ತದೆ.

ಬಿಗಿಯುವ ರೀತಿ ಹೀಗೆ. ಬೋಲ್ಟಿನ ತಲೆಯ ಕೆಳಗೂ ತೂತಿನ ಸುತ್ತಲೂ ಅಂಟು ಹಾಕಿ ಕೂರಿಸಿ. ಮೇಲೆ ಒಬ್ಬರು ಬೋಲ್ಟನ್ನು ಅಲ್ಲಾಡದಂತೆ ಹಿಡಿಯಬೇಕು, ಕೆಳಗಿನವರು ನಟ್ ಮಾತ್ರ ತಿರುಗಿಸಬೇಕು. ಬೋಲ್ಟ್ ತಿರುಗಿದರೆ ಅದರ ಸುತ್ತ ಕೂತ ಅಂಟು ಕಿತ್ತುಹೋಗುತ್ತದೆ. ಸುತ್ತಲೂ ಸಣ್ಣ ಎಳೆಯಾಗಿ ಅಂಟು ಹೊರಬಂದ ಕೂಡಲೇ ನಿಲ್ಲಿಸಿ. ಪೂರ್ತಿ ಬಿಗಿದರೆ ಅಂಟೆಲ್ಲ ಹಿಂಡಿ ಹೋಗಿ ಒಳಗೆ ಏನೂ ಉಳಿಯುವುದಿಲ್ಲ. ಕೊನೆಯ ಬಿಗಿತ ಅಂಟು ಗಟ್ಟಿಯಾದ ಮೇಲೆ. ದೊಡ್ಡಪ್ಪ ಮೇಲೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು, ನಾನು ಕೆಳಗೆ ಬೆನ್ನ ಮೇಲೆ ಮಲಗಿದ್ದೆ. "ತಿರುಗ್ತಾ ಇದೆಯಾ ದೊಡ್ಡಪ್ಪ?" "ಇಲ್ಲ, ನೀನು ತಿರುಗಿಸು." ಎರಡು ಸಂಜೆ ಇದೇ ಮಾತು.

ವೈರ್, ಪೆಟ್ರೋಲ್

ಹಳೇ ವೈರ್ ಪೂರ್ತಿ ತೆಗೆಯಿರಿ. ತವರ ಲೇಪಿಸಿದ ತಾಮ್ರದ ವೈರ್ ಹಾಕಿ. ಜೋಡಣೆಗಳನ್ನು ಒತ್ತಿ ಬಿಗಿದು, ಕಾಯಿಸಿದರೆ ಕುಗ್ಗುವ ಕೊಳವೆಯಿಂದ ಮುಚ್ಚಿ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ, ಒಂದು ಗೇಣಿನೊಳಗೆ. ತಳದ ನೀರು ಎತ್ತುವ ಪಂಪಿನ ಫ್ಲೋಟ್ ಸ್ವಿಚ್ಚಿಗೆ ಮೇನ್ ಸ್ವಿಚ್ಚಿನ ಹಂಗಿಲ್ಲದೆ, ಫ್ಯೂಸ್ ಮೂಲಕ ಬ್ಯಾಟರಿಯಿಂದ ನೇರ ವೈರ್ ಕೊಡಿ. ನೀವಿಲ್ಲದಾಗಲೂ ಅದು ಓಡಬೇಕು. ದೀಪ ಎಡಕ್ಕೆ ಕೆಂಪು, ಬಲಕ್ಕೆ ಹಸಿರು.

ಪೆಟ್ರೋಲ್ ಪೈಪು, ಕೈಯಲ್ಲಿ ಒತ್ತುವ ರಬ್ಬರ್ ಉಂಡೆ ಎರಡನ್ನೂ ಹೊಸದಾಗಿ ಹಾಕಿ. ಎಂಜಿನ್ನಿನ ನೀರಿನ ಪಂಪಿನ ರಬ್ಬರ್ ಚಕ್ರವನ್ನು ನೋಡದೆಯೇ ಬದಲಿಸಿ. ಕೆಳಗಿನ ಗೇರ್ ಆಯಿಲ್ ಹಾಲಿನಂತೆ ಬಂದರೆ ಸೀಲ್ ಹೋಗಿದೆ.

ನೀರಿಗೆ ಇಳಿಸುವಾಗ

ಡ್ರೈನ್ ಪ್ಲಗ್ ಹಾಕಿದ್ದೀರಾ ಅಂತ ಕೈಯಿಂದ ಮುಟ್ಟಿ ನೋಡಿ. ಮೊದಲ ಸಲ ಬೋಟನ್ನು ಟ್ರೇಲರಿನಿಂದ ಬಿಡಿಸಬೇಡಿ. ಹಗ್ಗ ಕಟ್ಟಿರುವಂತೆಯೇ ತೇಲುವಷ್ಟು ಇಳಿಸಿ, ಇಪ್ಪತ್ತು ನಿಮಿಷ ಕಾಯಿರಿ. ಒಳಗೆ ನೀರಿನ ಮಟ್ಟದ ಕೆಳಗಿನ ಒಂದೊಂದು ಬೋಲ್ಟಿನ ಬುಡಕ್ಕೂ ಟಿಶ್ಯೂ ಕಾಗದದ ಚೂರು ಇಟ್ಟಿದ್ದೆ. ಕೈಗೆ ತಿಳಿಯದ ಒದ್ದೆ ಕಾಗದಕ್ಕೆ ತಿಳಿಯುತ್ತದೆ. ಹನ್ನೊಂದು ಒಣಗಿದ್ದವು. ಡ್ರೈನ್ ಪ್ಲಗ್ಗಿನ ಪಕ್ಕದ್ದರ ಅಂಚು ಕಪ್ಪಾಗಿತ್ತು. ಮೇಲೆಳೆದು, ಬಿಚ್ಚಿ, ಒರೆಸಿ, ಮತ್ತೆ ಅಂಟು ಹಾಕಿ, ವಾರ ಬಿಟ್ಟು ಮತ್ತೆ ಇಳಿಸಿದೆವು. ಆಗ ಹನ್ನೆರಡೂ ಒಣಗಿದ್ದವು.

ಐದು ಗಂಟೆ ಓಡಿದ ಮೇಲೆ ಎಂಜಿನ್ ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ನಟ್ಟಿನ ಕಡೆಯಿಂದಲೇ. ನನ್ನದರಲ್ಲಿ ಎಡಗಡೆ ಮೇಲಿನದು ಕಾಲು ಸುತ್ತು ತಿರುಗಿತು. ಉಳಿದ ಮೂರು ಅಲ್ಲಾಡಲಿಲ್ಲ.